ನ್ಯಾಯಾಧೀಶರ ಬಗ್ಗೆ ಎಂಟು ಪುಟ ಬರೆಯಬೇಕು, ‘ಸರಳ ಸಜ್ಜನ’ ಬಿಟ್ಟು ಏನೂ ಸಿಗುತ್ತಿಲ್ಲ

ಸಂಚಿಕೆ ಗುಮಾಸ್ತ
ನಮ್ಮ ತಾಲ್ಲೂಕು ಕೇಂದ್ರದ ವಾಚನಾಲಯಕ್ಕೆ ಇಪ್ಪತ್ತೈದು ವರ್ಷ ತುಂಬಿತೆಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅದನ್ನು ಕಟ್ಟಿ ನಿಲ್ಲಿಸಿದ ನಿವೃತ್ತ ನ್ಯಾಯಾಧೀಶರ ಬಗ್ಗೆ ಎಂಟು ಪುಟದ ಲೇಖನವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಊರಿನ ಹೆಸರೂ ಅವರ ಹೆಸರೂ ಇಲ್ಲಿ ಬೇಡ. ಗೊತ್ತಿದ್ದವರು ದಯವಿಟ್ಟು ಬರೆಯಬೇಡಿ.

ಕೈಯಲ್ಲಿರುವುದು ಇಷ್ಟು: 1979ರಿಂದ 1982ರವರೆಗೆ ಇಲ್ಲಿ ಮುನ್ಸೀಫರಾಗಿದ್ದರು, ಅಂದರೆ ತಾಲ್ಲೂಕು ನ್ಯಾಯಾಲಯದ ಸಿವಿಲ್ ನ್ಯಾಯಾಧೀಶರು. ಆಮೇಲೆ ಊರೂರು ವರ್ಗವಾಗಿ, ಜಿಲ್ಲಾ ನ್ಯಾಯಾಧೀಶರಾಗಿ 1997ರಲ್ಲಿ ನಿವೃತ್ತರಾದರು. ಹುಟ್ಟಿದ ಊರಿಗೆ ಹೋಗದೆ ಇಲ್ಲಿಗೇ ಬಂದು ಮನೆ ಮಾಡಿದರು. ವಾಚನಾಲಯ, ಚರಂಡಿ, ಕೆರೆ ಏರಿಯ ಮರಗಳು ಎಲ್ಲದಕ್ಕೂ ಅವರೇ ಮುಂದಾಳು. ಇದುವರೆಗೆ ಬಂದಿರುವ ಒಂಬತ್ತು ನೆನಪಿನ ಬರಹಗಳಲ್ಲಿ ಒಂಬತ್ತರಲ್ಲೂ ‘ಸರಳ ಸಜ್ಜನ’ ಇದೆ. ಆರರಲ್ಲಿ ‘ಅಜಾತಶತ್ರು’ ಇದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ತೀರ್ಪು ಬರೆದ ಮನುಷ್ಯ ಅಜಾತಶತ್ರು ಆಗುವುದು ಹೇಗೆ? ಪ್ರತಿ ದಾವೆಯಲ್ಲಿ ಒಬ್ಬರಾದರೂ ಸೋಲುತ್ತಾರಲ್ಲ!

ಆ ಕಾಲದ ಮುನ್ಸೀಫರ ಬದುಕು ಹೇಗಿತ್ತು ಎಂದು ಬಲ್ಲವರು ಹೇಳಿ. ನನಗೆ ವಿಶೇಷಣ ಬೇಡ, ಕೊಡೆ, ಚಪ್ಪಲಿ, ಟ್ರಂಕು ಬೇಕು.

ತುಂತುರು
ಮರಣದಂಡನೆ ಕೊಟ್ಟು ಪೆನ್ನಿನ ಮುಳ್ಳು ಮುರಿದ ಕಥೆ ಇದ್ದರೆ ಅದರಿಂದಲೇ ಶುರು ಮಾಡಿ. ಓದುಗರು ಪುಟ ತಿರುಗಿಸುವುದಿಲ್ಲ.

ಕರಿಕೋಟು
ಮುನ್ಸೀಫರು ಮರಣದಂಡನೆ ಕೊಡುವುದು ನಾಟಕದಲ್ಲಿ ಮಾತ್ರ. ತಾಲ್ಲೂಕು ನ್ಯಾಯಾಲಯದ ಮುನ್ಸೀಫರೇ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯೂ ಆಗಿರುತ್ತಿದ್ದರು. ಹೆಚ್ಚೆಂದರೆ ಮೂರು ವರ್ಷ ಸಜೆ, ಆಗಿನ ಲೆಕ್ಕದಲ್ಲಿ ಐದು ಸಾವಿರ ರೂಪಾಯಿ ದಂಡ. ಈಗ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ದಂಡದ ಮಿತಿ ಐವತ್ತು ಸಾವಿರ, ಜೊತೆಗೆ ಸಮುದಾಯ ಸೇವೆಯ ಶಿಕ್ಷೆಯೂ ಬಂದಿದೆ. ಮರಣದಂಡನೆ ಸೆಷನ್ಸ್ ನ್ಯಾಯಾಲಯದ್ದು, ಅದಕ್ಕೂ ಹೈಕೋರ್ಟ್ ಮುದ್ರೆ ಒತ್ತಬೇಕು. ಮುನ್ಸೀಫರ ಪೆನ್ನು ಸವೆದದ್ದು ಬದು, ಬಾವಿ, ಬಾಡಿಗೆ, ಕೈಸಾಲದ ಪ್ರಾಮಿಸರಿ ನೋಟುಗಳ ಮೇಲೆ.

ತುಂತುರು
ಹಾಗಾದರೆ ಎಂಟು ಪುಟ ಕಷ್ಟ.

ನಿವೃತ್ತ ಶಿರಸ್ತೇದಾರ
ಕಷ್ಟವೇನಿಲ್ಲ. ನಾನು ಬೇರೆ ಜಿಲ್ಲೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ನಿಮ್ಮ ಸಾಹೇಬರನ್ನು ಕಂಡಿಲ್ಲ. ಆದರೆ ಅಂಥ ಹದಿನಾಲ್ಕು ಜನರ ಕೈಕೆಳಗೆ ಕೆಲಸ ಮಾಡಿದ್ದೇನೆ.

ಬೆಳಿಗ್ಗೆ ಪೀಠಕ್ಕೆ ಬಂದ ಕೂಡಲೇ ಆ ದಿನದ ಪಟ್ಟಿ ಕರೆಯುವುದು. ನ್ಯಾಯಾಲಯದ ಜವಾನ, ಅಂದರೆ ಡಲಾಯತ್, ಬಾಗಿಲಲ್ಲಿ ನಿಂತು ಹೆಸರನ್ನು ಮೂರು ಸಲ ಕೂಗುತ್ತಿದ್ದ. ಆ ಕೂಗಿಗೆ ಹೊಂಗೆ ಮರದ ಕೆಳಗೆ ಕುಳಿತವರು ಬೀಡಿ ಎಸೆದು ಓಡಿ ಬರಬೇಕು. ತಡವಾದರೆ ದಾವೆ ವಜಾ, ಇಲ್ಲವೇ ಏಕಪಕ್ಷೀಯ. ಅರ್ಧ ಪಟ್ಟಿ ವಾಯಿದೆಯಲ್ಲೇ ಮುಗಿಯುತ್ತಿತ್ತು. ಆಮೇಲೆ ಸಾಕ್ಷಿ ವಿಚಾರಣೆ. ಬೆರಳಚ್ಚುಗಾರ ರಜೆ ಹಾಕಿದರೆ ಸಾಹೇಬರೇ ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ಸಾಕ್ಷಿ ಹೇಳುವ ವೇಗ ಒಂದು, ಪೆನ್ನಿನ ವೇಗ ಇನ್ನೊಂದು. ‘ನಿಲ್ಲಪ್ಪ, ಹುಣಸೆ ಮರದ ತನಕ ಬಂದಿದ್ದೇನೆ, ಅಲ್ಲಿಂದ ಮುಂದೆ ಹೇಳು’ ಎಂದ ಒಬ್ಬರು ನನಗೆ ಇವತ್ತಿಗೂ ನೆನಪಿದ್ದಾರೆ. ಸಂಜೆ ಕಡತಗಳನ್ನು ಟ್ರಂಕಿಗೆ ತುಂಬಿ ಮನೆಗೆ ಕಳುಹಿಸುವುದು. ತೀರ್ಪು ಬರೆಯುವುದು ಮನೆಯಲ್ಲಿ, ರಾತ್ರಿ.

ರಾತ್ರಿ ಇನ್ನೊಂದು ಕೆಲಸವಿತ್ತು, ಅದನ್ನು ಯಾರೂ ಬರೆಯುವುದಿಲ್ಲ. ಬಂಧಿಸಿದವರನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ದಂಡಾಧಿಕಾರಿಯ ಮುಂದೆ ಹಾಜರುಪಡಿಸಬೇಕಲ್ಲ, ಪೊಲೀಸರು ಮನೆಗೇ ಕರೆತರುತ್ತಿದ್ದರು. ನಾನು ಕಂಡ ಒಬ್ಬರು ಪೊಲೀಸರನ್ನು ಗೇಟಿನ ಆಚೆ ನಿಲ್ಲಿಸಿ, ಆರೋಪಿಯನ್ನು ಮಾತ್ರ ಜಗುಲಿಗೆ ಕರೆದು, ಕಂದೀಲು ಎತ್ತಿ ಹಿಡಿದು ಬೆನ್ನು ತೋರಿಸು ಎನ್ನುತ್ತಿದ್ದರು. ಅಷ್ಟು ಮಾಡಿದ್ದಕ್ಕೇ ಆ ತಾಲ್ಲೂಕಿನ ಠಾಣೆಯಲ್ಲಿ ಎರಡು ವರ್ಷ ಲಾಠಿ ಸ್ವಲ್ಪ ಮೆತ್ತಗಾಗಿತ್ತು.

ಸಂಚಿಕೆ ಗುಮಾಸ್ತ
ಇದು ಬೇಕಿತ್ತು ನೋಡಿ. ಊರಿನವರ ಜೊತೆ ಒಡನಾಟ ಹೇಗಿತ್ತು?

ನಿವೃತ್ತ ಶಿರಸ್ತೇದಾರ
ಒಡನಾಟವೇ? ಇರಲಿಲ್ಲ. ತರಕಾರಿಗೂ ಡಲಾಯತನೇ ಹೋಗಬೇಕು, ಏಕೆಂದರೆ ಸಾಹೇಬರು ಹೋದರೆ ಅಂಗಡಿಯವನು ದುಡ್ಡು ಬೇಡ ಎನ್ನುತ್ತಾನೆ. ಬೇಡ ಎಂದವನ ಹೆಸರು ಮುಂದಿನ ತಿಂಗಳ ಪಟ್ಟಿಯಲ್ಲಿ ಇರುತ್ತದೆ.

ಪಡಸಾಲೆ
ನಾನು ಮುನ್ಸೀಫರ ಮಗಳು, ಇವರ ಮಗಳಲ್ಲ, ಬೇರೊಬ್ಬ ಮುನ್ಸೀಫರ ಮಗಳು. ಹತ್ತನೇ ತರಗತಿಯ ಹೊತ್ತಿಗೆ ಏಳು ಶಾಲೆ ನೋಡಿದ್ದೆ. ವರ್ಗದ ಆದೇಶ ಬೇಸಿಗೆಯಲ್ಲಿ ಬರುತ್ತಿತ್ತು, ಮಾವಿನಕಾಯಿ ಉಪ್ಪಿನಕಾಯಿ ಹಾಕಿದ ಭರಣಿ ಹೊತ್ತುಕೊಂಡೇ ಊರು ಬದಲಿಸುತ್ತಿದ್ದೆವು.

ಎಲ್ಲರೂ ಸಾಹೇಬರ ಒಂಟಿತನವನ್ನು ಹೊಗಳುತ್ತಾರೆ. ಅಮ್ಮನದ್ದನ್ನು ಯಾರು ಕೇಳಿದರು? ಅಪ್ಪನಿಗೆ ದಿನವಿಡೀ ನ್ಯಾಯಾಲಯದಲ್ಲಿ ಜನ ಸಿಗುತ್ತಿದ್ದರು. ಅಮ್ಮನಿಗೆ ಕಾಂಪೌಂಡು ಗೋಡೆ. ಅಕ್ಕಪಕ್ಕದಲ್ಲಿ ಅರಿಶಿನ ಕುಂಕುಮಕ್ಕೆ ಕರೆದರೆ ಅಪ್ಪ ಮೊದಲು ಮುಂದಿನ ವಾರದ ಪ್ರಕರಣಗಳ ಪಟ್ಟಿ ತೆಗೆದು ಆ ಮನೆಯವರ ಹೆಸರು ಹುಡುಕುತ್ತಿದ್ದರು. ಇಲ್ಲದಿದ್ದರೆ ‘ಹೋಗು, ಆದರೆ ಸೀರೆ ಕೊಟ್ಟರೆ ತರಬೇಡ, ಎಲೆ ಅಡಿಕೆ ಮಾತ್ರ’. ವಕೀಲರ ಮನೆಯಾದರೆ ಅದೂ ಇಲ್ಲ. ಒಂದು ಊರಿನಲ್ಲಿ ಅಮ್ಮನಿಗೆ ಒಬ್ಬರೇ ಗೆಳತಿ, ಅಂಚೆ ಕಚೇರಿಯ ಪೋಸ್ಟ್ ಮಾಸ್ತರರ ಹೆಂಡತಿ. ಅವರೂ ವರ್ಗವಾಗಿ ಬಂದವರು.

ಗುಮಾಸ್ತರೇ, ಎಂಟು ಪುಟದಲ್ಲಿ ಒಂದನ್ನು ಆ ಮನೆಯ ಹೆಂಗಸಿಗೆ ಇಡಿ.

ಬಿಸಿಲುಕೋಲು
ಕ್ಷಮಿಸಿ, ಈ ದೂರ ಉಳಿಯುವ ಆಟವನ್ನು ನಾವು ಯಾಕೆ ಪೂಜೆ ಮಾಡುತ್ತೇವೆ ಎಂದು ನನಗೆ ಅರ್ಥವಾಗುವುದಿಲ್ಲ. ಬ್ರಿಟಿಷರು ಬಿಟ್ಟುಹೋದ ಗತ್ತು ಅದು. ಊರಿನ ಚರಂಡಿ ನಾರುತ್ತಿದ್ದರೆ ನ್ಯಾಯಾಧೀಶರ ಮೂಗಿಗೂ ನಾರುತ್ತದೆ. ಮಧ್ಯಪ್ರದೇಶದ ರತ್ಲಾಮ್ ಪುರಸಭೆಯ ಪ್ರಕರಣ ಓದಿ. 1980ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಕೃಷ್ಣ ಅಯ್ಯರ್ ಅವರು, ಹಣವಿಲ್ಲ ಎಂಬ ನೆಪ ಹೇಳಿ ಪುರಸಭೆ ಚರಂಡಿ ಕಟ್ಟದೆ ಇರುವಂತಿಲ್ಲ ಎಂದರು. ಆ ಆದೇಶ ಮೊದಲು ಬಂದದ್ದು ಒಬ್ಬ ಸಣ್ಣ ಊರಿನ ನ್ಯಾಯಾಧೀಶರಿಂದಲೇ.

ಅಡಿಟಿಪ್ಪಣಿ
ಅಲ್ಲ. ರತ್ಲಾಮ್‌ನಲ್ಲಿ ಆದೇಶ ಮಾಡಿದ್ದು ಉಪವಿಭಾಗೀಯ ದಂಡಾಧಿಕಾರಿ, ಅಂದರೆ ಆಡಳಿತದ ಕಡೆಯವರು. ಸೆಷನ್ಸ್ ನ್ಯಾಯಾಲಯ ಅದನ್ನು ಒಪ್ಪಲಿಲ್ಲ, ಹೈಕೋರ್ಟ್ ಒಪ್ಪಿತು, ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಸಾರ್ವಜನಿಕ ತೊಂದರೆ ತೆಗೆಸುವ ಆದೇಶಕ್ಕೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು, ಈಗಿನ ಸುರಕ್ಷಾ ಸಂಹಿತೆಯಲ್ಲಿ 152. 1974ರ ಏಪ್ರಿಲ್ 1ರಂದು ಹೊಸ ಸಂಹಿತೆ ಬಂದಾಗಲೇ ನ್ಯಾಯಿಕ ದಂಡಾಧಿಕಾರಿ ಬೇರೆ, ಕಾರ್ಯನಿರ್ವಾಹಕ ದಂಡಾಧಿಕಾರಿ ಬೇರೆ ಎಂದಾಯಿತು. ಚರಂಡಿ, ಗುಂಪು ಗಲಭೆ, ನಿಷೇಧಾಜ್ಞೆ ಇವೆಲ್ಲ ತಹಶೀಲ್ದಾರರು ಮತ್ತು ಉಪವಿಭಾಗಾಧಿಕಾರಿಗಳ ಕಡೆ.

ಇನ್ನು ದೂರ ಉಳಿಯುವುದು ಬ್ರಿಟಿಷರ ಗತ್ತು ಎಂಬುದಕ್ಕೆ: ನ್ಯಾಯಾಧೀಶರ ನಡತೆಯ ಬಗ್ಗೆ ಇವತ್ತು ಜಗತ್ತೆಲ್ಲ ಉಲ್ಲೇಖಿಸುವ ದಾಖಲೆಯ ಹೆಸರೇ ‘ಬೆಂಗಳೂರು ತತ್ವಗಳು’. ಕರಡು ರೂಪುಗೊಂಡದ್ದು 2001ರಲ್ಲಿ ನಮ್ಮ ಬೆಂಗಳೂರಿನ ಸಭೆಯಲ್ಲಿ, ಅಂತಿಮವಾದದ್ದು 2002ರಲ್ಲಿ ಹೇಗ್ ನಗರದಲ್ಲಿ. ನಮ್ಮದೇ ಸುಪ್ರೀಂ ಕೋರ್ಟ್ 1997ರಲ್ಲಿ ಒಪ್ಪಿದ ‘ನ್ಯಾಯಾಂಗ ಜೀವನದ ಮೌಲ್ಯಗಳು’ ಎಂಬ ಹದಿನಾರು ಅಂಶಗಳಲ್ಲಿ, ನ್ಯಾಯಾಧೀಶರು ಕ್ಲಬ್ಬು ಸಂಘಗಳ ಚುನಾವಣೆಗೆ ನಿಲ್ಲಬಾರದು, ವಕೀಲರೊಡನೆ ಆಪ್ತವಾಗಿ ಬೆರೆಯಬಾರದು ಎಂದಿದೆ.

ಕರಿಕೋಟು
ಆ 1997ರ ಪಟ್ಟಿ ಉನ್ನತ ನ್ಯಾಯಾಲಯಗಳ ನ್ಯಾಯಮೂರ್ತಿಗಳಿಗಾಗಿ ಬರೆದದ್ದು, ಅಡಿಟಿಪ್ಪಣಿಯವರೇ. ತಾಲ್ಲೂಕಿನ ಮುನ್ಸೀಫರಿಗೆ ಆಗ ಅನ್ವಯಿಸುತ್ತಿದ್ದದ್ದು ರಾಜ್ಯ ಸರ್ಕಾರಿ ನೌಕರರ 1966ರ ನಡತೆ ನಿಯಮಗಳು. ನಿಮ್ಮನ್ನು ತಿದ್ದುವ ಅವಕಾಶ ವರ್ಷಕ್ಕೊಮ್ಮೆ ಸಿಗುತ್ತದೆ, ಬಿಡುವುದಿಲ್ಲ.

ಅಡಿಟಿಪ್ಪಣಿ
ಒಪ್ಪಿದೆ. ಬರೆದಿಟ್ಟುಕೊಳ್ಳಿ.

ಬಿಸಿಲುಕೋಲು
ನಿಯಮ ಯಾರದಾದರೂ ಇರಲಿ. ಕೆ. ಎಸ್. ಹೆಗ್ಡೆ ಅವರನ್ನು ನೋಡಿ. ಕಾರ್ಕಳ ತಾಲ್ಲೂಕಿನ ಕೌಡೂರಿನವರು. ರಾಜ್ಯಸಭಾ ಸದಸ್ಯರಾಗಿದ್ದವರು 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 1973ರಲ್ಲಿ ತಮ್ಮನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಎಸೆದು ಬಂದರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. 1979ರಲ್ಲಿ ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. ರಾಜಕೀಯ, ಪೀಠ, ಮತ್ತೆ ರಾಜಕೀಯ, ಊರಿನ ಕೆಲಸ. ಏನು ಮೈಲಿಗೆಯಾಯಿತು?

ಪಡಸಾಲೆ
ಏನೂ ಆಗಲಿಲ್ಲ, ಏಕೆಂದರೆ ಒಂದು ಮುಗಿದ ಮೇಲೆ ಇನ್ನೊಂದು. ಏಕಕಾಲಕ್ಕೆ ಅಲ್ಲ. ನಿಮ್ಮ ಉದಾಹರಣೆ ನಿಮ್ಮ ವಾದವನ್ನೇ ಕೆಡಿಸುತ್ತಿದೆ.

ಗೋಧೂಳಿ
ನಿಟ್ಟೆಯ ಹತ್ತಿರ ನಮ್ಮ ಅತ್ತೆಯ ಮನೆ. ಮಳೆಗಾಲದಲ್ಲಿ ಕರಿ ಕೋಟು ಒಣಗುವುದೇ ಇಲ್ಲ ಎಂದು ಮಾವ ಗೊಣಗುತ್ತಾರೆ. ಅವರು ವಕೀಲರು. ವಿಷಯಕ್ಕೆ ಸಂಬಂಧವಿಲ್ಲ, ನೆನಪಾಯಿತು.

ಕರಿಕೋಟು
ಬೇಸಿಗೆಯಲ್ಲಾದರೂ ತಾಲ್ಲೂಕು ನ್ಯಾಯಾಲಯಗಳಲ್ಲಿ ಕೋಟಿಗೆ ವಿನಾಯಿತಿ ಇದೆ. ಮಳೆಗೆ ಇಲ್ಲ. ಮಾವನವರಿಗೆ ನನ್ನ ಸಹಾನುಭೂತಿ ತಿಳಿಸಿ.

ಸಂಚಿಕೆ ಗುಮಾಸ್ತ
ಚರಂಡಿಯ ಮಾತು ಬಂತಲ್ಲ, ನಮ್ಮ ಸಾಹೇಬರದ್ದೂ ಒಂದು ಇದೆ. ನಿವೃತ್ತರಾಗಿ ಬಂದ ಮೂರನೇ ವರ್ಷ ಬಸ್ ನಿಲ್ದಾಣದ ಹಿಂದಿನ ಚರಂಡಿ ಕಟ್ಟಿಕೊಂಡು ಶಾಲೆಯ ಮೈದಾನಕ್ಕೆ ನುಗ್ಗುತ್ತಿತ್ತು. ಊರಿನವರು, ‘ನೀವು ಜಿಲ್ಲಾಧಿಕಾರಿಗಳಿಗೆ ಒಂದು ಫೋನ್ ಮಾಡಿ ಸಾಕು’ ಎಂದರು. ಮಾಡಲಿಲ್ಲ. ಅದೇ 133ನೇ ಕಲಮಿನ ಅರ್ಜಿ ಬರೆದು, ಹದಿನೇಳು ಜನರ ಸಹಿ ಹಾಕಿಸಿ, ಬಸ್ಸಿನಲ್ಲಿ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತರಂತೆ. ಯಾರೋ ಗುರುತು ಹಿಡಿದು ಕುರ್ಚಿ ತಂದರು. ‘ಉಳಿದ ಹದಿನಾರು ಕುರ್ಚಿ ಎಲ್ಲಿ?’ ಎಂದು ಕೇಳಿ ನಿಂತೇ ಇದ್ದರು. ಜೊತೆಯಲ್ಲಿ ಹೋಗಿದ್ದ ದರ್ಜಿ ಹೇಳಿದ ಮಾತು ಇದು.

ಬಿಸಿಲುಕೋಲು
ಚರಂಡಿ ಎಷ್ಟು ದಿನಕ್ಕೆ ಆಯಿತು?

ಸಂಚಿಕೆ ಗುಮಾಸ್ತ
ಎರಡು ಮಳೆಗಾಲ ಕಳೆದ ಮೇಲೆ.

ಬಿಸಿಲುಕೋಲು
ನೋಡಿ! ಒಂದು ಫೋನಿನಲ್ಲಿ ಆಗುವ ಕೆಲಸಕ್ಕೆ ಎರಡು ಮಳೆಗಾಲ ಶಾಲೆಯ ಮಕ್ಕಳು ಕೊಳಚೆ ತುಳಿದರು. ಅವರ ತತ್ವಕ್ಕೆ ಮಕ್ಕಳ ಕಾಲು ಬಲಿ. ಪ್ರಭಾವವನ್ನು ಬಳಸದ ಮುಂದಾಳು ಇದ್ದರೆಷ್ಟು, ಬಿಟ್ಟರೆಷ್ಟು?

ನಿವೃತ್ತ ಶಿರಸ್ತೇದಾರ
ಫೋನಿನಲ್ಲಿ ಆದ ಚರಂಡಿಯನ್ನು ಫೋನಿನಲ್ಲೇ ಮುಚ್ಚಿಸಬಹುದು. ಆದೇಶದಲ್ಲಿ ಆದದ್ದಕ್ಕೆ ಇನ್ನೊಂದು ಆದೇಶ ಬೇಕು.

ಬಿಸಿಲುಕೋಲು
ಮಾತು ಚೆನ್ನಾಗಿದೆ. ಕೊಳಚೆ ತುಳಿದ ಮಗುವಿಗೆ ಹೇಳಿ ನೋಡಿ.

ಪಡಸಾಲೆ
ಈ ಒಂದರಲ್ಲಿ ನಾನು ಬಿಸಿಲುಕೋಲು ಅವರ ಪಕ್ಷ. ಫೋನೂ ಮಾಡಬಹುದಿತ್ತು, ಅರ್ಜಿಯನ್ನೂ ಕೊಡಬಹುದಿತ್ತು. ಅಪ್ಪನೂ ಹೀಗೆಯೇ, ನಿವೃತ್ತರಾದ ಮೇಲೂ ಯಾರಿಗೂ ಒಂದು ಶಿಫಾರಸು ಪತ್ರ ಬರೆದುಕೊಡಲಿಲ್ಲ. ಕೋಟು ಕಳಚಿದರೂ ಒಳಗಿನ ಗುಂಡಿ ಬಿಚ್ಚುವುದಿಲ್ಲ ಇವರಿಗೆ.

ತುಂತುರು
ಪುರಸಭೆ ಚುನಾವಣೆಗೆ ನಿಲ್ಲಲಿಲ್ಲವೇ?

ಸಂಚಿಕೆ ಗುಮಾಸ್ತ
ಎರಡು ಪಕ್ಷದವರು ಒಂದೇ ವಾರದಲ್ಲಿ ಮನೆಗೆ ಬಂದಿದ್ದರು. ‘ಗ್ರಾಮ ಪಂಚಾಯಿತಿಯಾಗಿದ್ದರೆ ಪಕ್ಷದ ಚಿಹ್ನೆ ಇರುವುದಿಲ್ಲ, ಯೋಚಿಸುತ್ತಿದ್ದೆ. ಪುರಸಭೆಗೆ ಚಿಹ್ನೆ ಬೇಕಲ್ಲ’ ಎಂದು ಕಾಫಿ ಕೊಟ್ಟು ಕಳುಹಿಸಿದರಂತೆ. ಆದರೆ ಲೋಕ ಅದಾಲತ್ತಿಗೆ ಮಾತ್ರ ಕರೆದಾಗಲೆಲ್ಲ ಹೋಗಿ ಸಂಧಾನಕಾರರಾಗಿ ಕುಳಿತಿದ್ದಾರೆ.

ಕರಿಕೋಟು
ಅದು ಅವರಿಗೆ ಹಿಡಿಸಿರುತ್ತದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದ್ದಾದರೂ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು, ಅಂದರೆ ಅವರ ಸೇವೆಯ ಕೊನೆಯ ಎರಡು ವರ್ಷ. ಅದಾಲತ್ತಿನಲ್ಲಿ ಯಾರೂ ಸೋಲುವುದಿಲ್ಲ. ಇಬ್ಬರೂ ಒಪ್ಪಿ ಸಹಿ ಹಾಕಿದರೆ ಅದೇ ಡಿಕ್ರಿ, ಮೇಲ್ಮನವಿ ಇಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ವಾಪಸ್. ಜೀವನವಿಡೀ ಒಬ್ಬರನ್ನು ಸೋಲಿಸಿ ಬಂದವರಿಗೆ ಅದೊಂದು ಪ್ರಾಯಶ್ಚಿತ್ತ.

ಅಡಿಟಿಪ್ಪಣಿ
ಯಾರೂ ಸೋಲುವುದಿಲ್ಲ ಎನ್ನಬೇಡಿ. ಪಾಲಿನ ದಾವೆಗಳಲ್ಲಿ ಅಕ್ಕತಂಗಿಯರನ್ನು ‘ಊರಿನ ಮರ್ಯಾದೆ’ಯ ಹೆಸರಿನಲ್ಲಿ ಒಪ್ಪಿಸಿ ಸಹಿ ಹಾಕಿಸುವುದನ್ನು ಕಂಡಿದ್ದೇನೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಕಾಯ್ದೆ ಕೊಟ್ಟ ಪಾಲನ್ನು ರಾಜಿ ಕಸಿಯಬಹುದು.

ಪಡಸಾಲೆ
ನೂರಕ್ಕೆ ನೂರು.

ಸಂಚಿಕೆ ಗುಮಾಸ್ತ
ಇನ್ನು ಎಲ್ಲ ಬರಹಗಳಲ್ಲೂ ಇರುವ ಎಳನೀರಿನ ಕಥೆ. 1981ರಲ್ಲಿ ಗಾಡಿ ದಾರಿಯ ಒಂದು ದಾವೆಯಲ್ಲಿ ಸಾಹೇಬರು ತಾವೇ ಸ್ಥಳ ನೋಡಲು ಹೋದರು. ವಾದಿಯೂ ಪ್ರತಿವಾದಿಯೂ ಆಚೆ ಈಚೆ ಎಳನೀರು ಇಟ್ಟುಕೊಂಡು ನಿಂತಿದ್ದರು. ಸಾಹೇಬರು ಎರಡನ್ನೂ ಮುಟ್ಟದೆ ಬೋರ್‌ವೆಲ್ಲಿನ ಕೈಪಂಪಿನಲ್ಲಿ ನೀರು ಕುಡಿದು ಹೊರಟರು. ಒಬ್ಬರ ಬರಹದಲ್ಲಿ ಇದು ಎಪ್ರಿಲ್, ಇನ್ನೊಬ್ಬರದರಲ್ಲಿ ಮೇ, ಮೂರನೆಯವರ ಪ್ರಕಾರ ಎಳನೀರಿನ ಜೊತೆ ಕೋಳಿಯೂ ಇತ್ತು. ಇದು ನಿಜವೋ, ಊರು ಕಟ್ಟಿದ್ದೋ?

ಕರಿಕೋಟು
ಸ್ಥಳ ನೋಡಿದ್ದು ನಿಜವಿರಬಹುದು. ದಿವಾಣಿ ಸಂಹಿತೆಯ 18ನೇ ಆದೇಶ, 18ನೇ ನಿಯಮ. ಸಾಮಾನ್ಯವಾಗಿ ವಕೀಲರೊಬ್ಬರನ್ನು ಕಮಿಷನರ್ ಮಾಡಿ ಕಳುಹಿಸುತ್ತಾರೆ. ತಾವೇ ಹೋಗುವವರು ಕಡಿಮೆ, ಏಕೆಂದರೆ ನೋಡಿದ್ದನ್ನೆಲ್ಲ ಟಿಪ್ಪಣಿ ಬರೆದು ಕಡತಕ್ಕೆ ಸೇರಿಸಬೇಕು. ಕೋಳಿ ಸುಳ್ಳು.

ಹೊಲದಂಚು
ಹಳೆಯ ಸದಸ್ಯ, ಬರೆಯುವುದು ಅಪರೂಪ. ಎಳನೀರಿನ ಕಥೆಗೆ ತಿದ್ದುಪಡಿ ಇದೆ. ಆ ಹೊಲ ನಮ್ಮದು.

ಎಳನೀರು ಇಟ್ಟದ್ದು ಎರಡೂ ಕಡೆಯವರಲ್ಲ. ನಮ್ಮ ಅಪ್ಪ ಒಬ್ಬರೇ, ಅವರೇ ವಾದಿ. ನಾಲ್ಕು ಎಳನೀರು. ಮರ ಹತ್ತಿ ಕಿತ್ತವನು ನಾನು, ಆಗ ಏಳನೇ ತರಗತಿ. ಒಂದರ ಮೂತಿ ಕೆತ್ತಿ ತೆಳುವಾಗಿ ಬಿಟ್ಟು, ಉಗುರು ತಾಗಿಸಿದರೆ ಒಡೆಯುವ ಹಾಗೆ ಇಟ್ಟಿದ್ದೆವು. ಸಾಹೇಬರು ಬೆಂಚ್ ಗುಮಾಸ್ತ ಮತ್ತು ಡಲಾಯತನ ಜೊತೆ ಬಸ್ಸಿಳಿದು ನಡೆದು ಬಂದರು. ಕಾಲುವೆ ದಾಟುವಾಗ ಪ್ಯಾಂಟು ಮಡಿಸಿ ಬೂಟು ಕೈಯಲ್ಲಿ ಹಿಡಿದರು. ಆ ಕಾಲು ಅಷ್ಟು ಬಿಳಿಯಾಗಿತ್ತು, ನಾನು ನಕ್ಕೆ, ಅಪ್ಪ ತಲೆಗೆ ಮೊಟಕಿದರು. ಗಾಡಿ ಚಕ್ರದ ಜಾಡಿನ ಆಳಕ್ಕೆ ಬೆರಳಿಟ್ಟು ನೋಡಿದರು. ‘ಬೇರೆ ದಾರಿ ಇಲ್ಲವೇ?’ ಎಂದರು. ಕೆರೆ ಏರಿಯ ಮೇಲೆ ಸುತ್ತಿ ಹೋಗಬಹುದು ಎಂದಾಗ ಆ ಒಂದೂವರೆ ಮೈಲಿಯನ್ನೂ ಬಿಸಿಲಲ್ಲಿ ನಡೆದೇ ನೋಡಿ ಬಂದರು. ಕೈಪಂಪು ನಿಜ. ಎಳನೀರಿನ ಕಡೆ ನೋಡಲೂ ಇಲ್ಲ.

ಕಬ್ಬಿನ ಗಾಡಿ ಪಕ್ಕದ ಹೊಲದ ಅಂಚಿನಲ್ಲಿ ಹೋಗುತ್ತಿದ್ದದ್ದು ಅಜ್ಜನ ಕಾಲದಿಂದ. ಅವರ ಮನೆಯ ಹಿರಿಯರು ತೀರಿಕೊಂಡ ಮೇಲೆ ದೊಡ್ಡ ಮಗ ಬೇಲಿ ಹಾಕಿದ. ಅದಕ್ಕೇ ದಾವೆ. ಕಟಕಟೆಯಲ್ಲಿ ಎದುರು ವಕೀಲರು ಅಪ್ಪನನ್ನು, ‘ಪ್ರತಿ ವರ್ಷ ಗಾಡಿ ಹೊಡೆಯುವ ಮುಂಚೆ ಹಿರಿಯರನ್ನು ಕೇಳುತ್ತಿದ್ದಿರಾ?’ ಎಂದರು. ಅಪ್ಪ ತಟ್ಟನೆ, ‘ಕೇಳದೆ ಇನ್ನೊಬ್ಬರ ಹೊಲಕ್ಕೆ ಎತ್ತು ನುಗ್ಗಿಸುವುದಕ್ಕೆ ನಾವೇನು ಕಳ್ಳರೇ?’ ಎಂದುಬಿಟ್ಟರು. ನಮ್ಮ ವಕೀಲರು ಹಣೆಗೆ ಕೈ ಇಟ್ಟುಕೊಂಡರು. ಅಷ್ಟೇ. ದಾವೆ ವಜಾ.

ಸತ್ಯ ಹೇಳಿದ್ದಕ್ಕೆ ಸೋತೆವು. ನಿಮ್ಮ ಸಂಚಿಕೆಯಲ್ಲಿ ಅಜಾತಶತ್ರು ಎಂದು ಬರೆಯಿರಿ, ಅಭ್ಯಂತರವಿಲ್ಲ. ನಮ್ಮ ಅಪ್ಪ ಮಾತ್ರ ಆ ಬೀದಿಯಲ್ಲಿ ನಡೆಯುವುದನ್ನು ಬಿಟ್ಟಿದ್ದರು.

ಬಿಸಿಲುಕೋಲು
ಇದು. ಇದನ್ನು ಬರೆಯಬೇಕು. ಎಳನೀರು ಮುಟ್ಟದೆ ಇದ್ದದ್ದು ಸುದ್ದಿಯಾಯಿತು, ದಾರಿ ಹೋದದ್ದು ಆಗಲಿಲ್ಲ.

ಕರಿಕೋಟು
ಹೊಲದಂಚು ಅವರೇ, ನಿಮ್ಮ ಮೇಲೆ ವಾದ ಮಾಡುವ ಮನಸ್ಸಿಲ್ಲ, ಆದರೆ ಆ ನ್ಯಾಯಾಧೀಶರಿಗೆ ದಾರಿ ಇರಲಿಲ್ಲ. ಇನ್ನೊಬ್ಬರ ಜಮೀನನ್ನು ದಾರಿ ಮುಂತಾದಕ್ಕೆ ಬಳಸುವ ಹಕ್ಕಿನ ಬಗ್ಗೆ ಇರುವ 1882ರ ಅನುಭೋಗದ ಹಕ್ಕಿನ ಕಾಯ್ದೆಯ 15ನೇ ಕಲಮಿನಲ್ಲಿ ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕು ಎಂದೇ ಬಳಸಿದ್ದರೆ ಮಾತ್ರ ದಾರಿ ನಿಮ್ಮದು. ಅಪ್ಪಣೆ ಕೇಳಿ ನಡೆದ ದಾರಿ ನೂರು ವರ್ಷವಾದರೂ ಅಪ್ಪಣೆಯೇ. ಕೆರೆ ಏರಿಯ ಮೇಲೆ ಬೇರೆ ದಾರಿ ಇದ್ದದ್ದರಿಂದ ಅನಿವಾರ್ಯತೆಯ ಹಕ್ಕೂ ನಿಲ್ಲುವುದಿಲ್ಲ. ಅದಕ್ಕೇ ಅವರು ಆ ಒಂದೂವರೆ ಮೈಲಿ ನಡೆದದ್ದು.

ಹೊಲದಂಚು
ಅಂದರೆ ಅಜ್ಜ ಮೂವತ್ತು ವರ್ಷ ದಬ್ಬಾಳಿಕೆಯಿಂದ ಗಾಡಿ ಹೊಡೆದಿದ್ದರೆ ಗೆಲ್ಲುತ್ತಿದ್ದೆವು, ಮರ್ಯಾದೆಯಿಂದ ಕೇಳಿದ್ದಕ್ಕೆ ಸೋತೆವು. ಇದು ಯಾವ ಊರಿನ ನ್ಯಾಯ?

ಕರಿಕೋಟು
ಕಾಯ್ದೆ ಇರುವುದು ಹಾಗೆಯೇ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ನಿವೃತ್ತ ಶಿರಸ್ತೇದಾರ
ನಿವೃತ್ತರಾಗಿ ಬಂದ ಮೇಲೆ ನಿಮ್ಮ ತಂದೆಯವರನ್ನು ಭೇಟಿಯಾಗಿದ್ದರೇ?

ಹೊಲದಂಚು
ಒಂದೇ ಸಲ, 1999ರಲ್ಲಿ. ವಾಚನಾಲಯದ ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬಂದರು. ನಾನಾದರೆ ಬೈಯುತ್ತಿದ್ದೆ. ಅಪ್ಪ ಒಳಗೆ ಹೋಗಿ ನೂರ ಒಂದು ರೂಪಾಯಿ ತಂದು ಕೊಟ್ಟರು. ‘ಒಳಗೆ ಬನ್ನಿ’ ಎನ್ನಲಿಲ್ಲ. ಸಾಹೇಬರು ತುಳಸಿ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು, ನಿಂತೇ ರಸೀದಿ ಬರೆದರು. ಹೆಸರು ಕೇಳಲಿಲ್ಲ. ತಂದೆಯ ಹೆಸರಿನ ಸಮೇತ ಸರಿಯಾಗಿ ಬರೆದರು, ಹದಿನೆಂಟು ವರ್ಷದ ಮೇಲೆ.

ಪಡಸಾಲೆ
ಇಷ್ಟು ದಿನ ಅಪ್ಪನನ್ನು ಕಲ್ಲು ಎಂದುಕೊಂಡಿದ್ದೆ. ಅವರೂ ರಾತ್ರಿ ಎದ್ದು ಕುಳಿತು ಹೆಸರುಗಳನ್ನು ಹೇಳುತ್ತಿದ್ದದ್ದು ಈಗ ನೆನಪಾಯಿತು. ಕಕ್ಷಿದಾರರ ಹೆಸರು.

ಕರಿಕೋಟು
ಹೊಲದಂಚು, ತೀರ್ಪಿನ ಪ್ರತಿ ಮನೆಯಲ್ಲಿದೆಯೇ?

ಹೊಲದಂಚು
ಟ್ರಂಕಿನಲ್ಲಿದೆ. ಒಂಬತ್ತು ಪುಟ, ಇಂಗ್ಲಿಷಿನಲ್ಲಿ. ಅಪ್ಪ ಓದಲಿಲ್ಲ, ಅವರಿಗೆ ಬರುತ್ತಿರಲಿಲ್ಲ. ನಾನು ಓದಲಿಲ್ಲ, ಸಿಟ್ಟು. ವಕೀಲರು ‘ವಜಾ’ ಎಂದರು, ಅಷ್ಟೇ ಗೊತ್ತು.

ಕರಿಕೋಟು
ಒಂದು ಉಪಕಾರ ಮಾಡಿ. ಕೊನೆಯ ಪುಟದಲ್ಲಿ ಖರ್ಚಿನ ಬಗ್ಗೆ ಏನಿದೆ ನೋಡಿ. ಸೋತವರು ಗೆದ್ದವರ ಖರ್ಚು ಕೊಡುವುದು ರೂಢಿ. ನಿಮ್ಮ ತಂದೆ ಕೊಟ್ಟಿದ್ದರೇ?

ಹೊಲದಂಚು
ಇಲ್ಲ. ನಮ್ಮ ವಕೀಲರ ಫೀಸು ಮಾತ್ರ. 

ಕರಿಕೋಟು
ಹಾಗಾದರೆ ಖಂಡಿತ ನೋಡಿ. ದಿವಾಣಿ ಸಂಹಿತೆಯ 35ನೇ ಕಲಮಿನ ಪ್ರಕಾರ, ಸೋತವರಿಂದ ಖರ್ಚು ಕೊಡಿಸದಿದ್ದರೆ ಯಾಕೆ ಎಂದು ನ್ಯಾಯಾಧೀಶರು ಕಾರಣ ಬರೆಯಲೇಬೇಕು. ಹಲವರು ‘ಪ್ರಕರಣದ ಸಂದರ್ಭ ಪರಿಗಣಿಸಿ’ ಎಂದು ಗೀಚಿ ಮುಗಿಸುತ್ತಾರೆ. ಬಸ್ಸಿಳಿದು ಬೂಟು ಕೈಯಲ್ಲಿ ಹಿಡಿದು ಬಂದವರು ಹಾಗೆ ಮುಗಿಸಿರಲಾರರು.

ಗೋಧೂಳಿ
ಟ್ರಂಕು ತೆಗೆಯುವ ತನಕ ಕಾಯುತ್ತಿದ್ದೇವೆ. ನಮ್ಮ ಮಾವನೂ ಹಿಂದೆ ನಿಂತು ಓದುತ್ತಿದ್ದಾರೆ.

ಅಡಿಟಿಪ್ಪಣಿ
ಕಾಯುವ ಹೊತ್ತಿಗೆ ಒಂದು ಮಾತು. ಗುಮಾಸ್ತರು ‘ಮುನ್ಸೀಫ್’ ಎಂದೇ ಬರೆಯಲಿ, ಆ ಕಾಲಕ್ಕೆ ಅದೇ ಸರಿ. ‘ಸಿವಿಲ್ ನ್ಯಾಯಾಧೀಶ, ಕಿರಿಯ ಶ್ರೇಣಿ’ ಎಂಬ ಹೆಸರು ಬಂದದ್ದು ಆಮೇಲೆ.

ಹೊಲದಂಚು
ಸಿಕ್ಕಿತು. ಗೆದ್ದಲು ಒಂದು ಮೂಲೆ ತಿಂದಿದೆ, ಕೊನೆಯ ಪುಟ ಉಳಿದಿದೆ. ನನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುತ್ತೇನೆ.

‘ವಾದಿಯು ಒಂದು ಸುಳ್ಳು ಉತ್ತರ ಕೊಟ್ಟಿದ್ದರೆ ಅದನ್ನು ಸುಳ್ಳೆಂದು ಹೇಳಲು ಪ್ರತಿವಾದಿಯ ಬಳಿ ಬೇರೆ ಸಾಕ್ಷಿ ಇರಲಿಲ್ಲ. ಪ್ರತಿವಾದಿಯ ತಂದೆ ಬದುಕಿಲ್ಲ. ವಾದಿ ನಿಜ ಹೇಳಿದ್ದಾರೆ. ಆದ್ದರಿಂದ ಅವರ ಮೇಲೆ ಖರ್ಚು ಹೊರಿಸುವುದು ನನಗೆ ಸರಿಕಾಣುವುದಿಲ್ಲ. ಉಭಯತರು ತಮ್ಮ ತಮ್ಮ ಖರ್ಚು ಭರಿಸತಕ್ಕದ್ದು.’

ಕೆಳಗೆ ಸಹಿ. ರಸೀದಿಯಲ್ಲಿದ್ದದ್ದೇ ಸಹಿ.

ಅಪ್ಪ ಹೋಗಿ ಆರು ವರ್ಷವಾಯಿತು. ಇದನ್ನು ಯಾರಾದರೂ ಕನ್ನಡದಲ್ಲಿ ಓದಿ ಹೇಳಿದ್ದರೆ ಆ ಬೀದಿಯಲ್ಲಿ ನಡೆಯುತ್ತಿದ್ದರೋ ಏನೋ.

ನಿವೃತ್ತ ಶಿರಸ್ತೇದಾರ
ಪ್ರಮಾಣಿತ ಪ್ರತಿ ಕೊಡುವಾಗ ನಾವೇ ಓದಿ ಹೇಳಬೇಕಿತ್ತು. ಮುದ್ರೆ ಒತ್ತಿ, ಪುಟಕ್ಕೆ ಇಷ್ಟು ಎಂದು ದುಡ್ಡು ಎಣಿಸಿ ಕಳುಹಿಸುತ್ತಿದ್ದೆವು. ನಾನೂ ಸಾವಿರಾರು ಜನರಿಗೆ ಹಾಗೆಯೇ ಕಳುಹಿಸಿದ್ದೇನೆ.

ಬಿಸಿಲುಕೋಲು
ಖರ್ಚು ಮನ್ನಾ ಮಾಡಿದ್ದು ಒಳ್ಳೆಯದೇ. ಹೊಗಳಿಕೆಯನ್ನು ವಾದಿಗೆ ಬಾರದ ಭಾಷೆಯಲ್ಲಿ ಬರೆದಿಟ್ಟದ್ದಕ್ಕೆ ಏನು ಹೇಳುತ್ತೀರಿ? ಕಟಕಟೆಯಲ್ಲಿ ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಉತ್ತರ ಪಡೆದವರಲ್ಲವೇ ಅವರು?

ಕರಿಕೋಟು
ಈ ಸಲ ನಿಮ್ಮ ಮಾತಿಗೆ ಆಕ್ಷೇಪಣೆ ಇಲ್ಲ.

ಸಂಚಿಕೆ ಗುಮಾಸ್ತ
ಹೊಲದಂಚು ಅವರೇ, ಇದನ್ನು ಹಾಕಿಕೊಳ್ಳಬಹುದೇ? ಹೆಸರಿಲ್ಲದೆ. ತೀರ್ಪಿನ ಆ ಸಾಲುಗಳನ್ನು ಕನ್ನಡದಲ್ಲಿ.

ಹೊಲದಂಚು
ಹಾಕಿ. ‘ಅಜಾತಶತ್ರು’ವನ್ನು ಆ ಆರು ಬರಹಗಳಿಂದಲೂ ತೆಗೆದರೆ ಹಾಕಿ. ಗಾಡಿ ಇವತ್ತಿಗೂ ಕೆರೆ ಏರಿಯ ಮೇಲೆ ಸುತ್ತಿಯೇ ಹೋಗುತ್ತದೆ, ಈಗ ಟ್ರ್ಯಾಕ್ಟರ್ ಎಂಬುದನ್ನೂ ಸೇರಿಸಿ. ಎಳನೀರು ನಾಲ್ಕು, ಎರಡಲ್ಲ. ಕೋಳಿ ಇರಲಿಲ್ಲ.

ತುಂತುರು
ಆ ನಾಲ್ಕು ಎಳನೀರನ್ನು ಕೊನೆಗೆ ಯಾರು ಕುಡಿದರು?

ಹೊಲದಂಚು
ನಾನು ಎರಡು, ಡಲಾಯತ್ ಎರಡು. ಸಾಹೇಬರು ಬಸ್ ನಿಲ್ದಾಣದ ಕಡೆ ಮುಂದೆ ನಡೆದ ಮೇಲೆ.

ನಿವೃತ್ತ ಶಿರಸ್ತೇದಾರ
ಡಲಾಯತನ ವಿಷಯ ಸಂಚಿಕೆಗೆ ಬೇಡ. ಅವನಿಗೂ ಪಿಂಚಣಿ ಇರುತ್ತದೆ.